ಸೂಪರ್‌ಫ್ಲೂಯಿಡ್ ಹೀಲಿಯಂನಲ್ಲಿ ನ್ಯಾನೋತಂತಿ ಬೆಳೆಯುವುದು ಹೇಗೆ? ಮಂಗಳೂರಿನಲ್ಲಿ ಇದನ್ನು ಪ್ರಾಜೆಕ್ಟ್ ಆಗಿ ಮಾಡಬಹುದೇ?

ಉಡುಪಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು, "ಅಷ್ಟು ಚಳಿಗೆ ಲೋಹ ಕುಗ್ಗಿ ತಂತಿಯಾಗುತ್ತದೆಯೇ?" ಎಂದೂ ಕೇಳಿದ್ದೀರಿ. ಇಲ್ಲ. ನ್ಯಾನೋತಂತಿ ಎಂದರೆ ಕೆಲವೇ ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ದಪ್ಪದ ತಂತಿ. ಅದರ ಆಕಾರಕ್ಕೆ ಕಾರಣ ದ್ರವ ಹೀಲಿಯಂನಲ್ಲಿ ಏಳುವ ಸುಳಿ. ಅದರ ದಪ್ಪವನ್ನು ತೀರ್ಮಾನಿಸುವುದು, ನಂಬಿದರೆ ನಂಬಿ, ಬಿಸಿ. ಮಂಗಳೂರಿನಲ್ಲಿ ಭೌತವಿಜ್ಞಾನ ಪಾಠ ಮಾಡುವ ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದದ್ದೇ ಈ ಎರಡನೆಯ ಭಾಗ.

ಹೀಲಿಯಂ 4.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ದ್ರವವಾಗುತ್ತದೆ. ಮೇಲಿನ ಆವಿಯನ್ನು ಪಂಪ್ ಹಚ್ಚಿ ಎಳೆಯುತ್ತ ಹೋದರೆ ಇನ್ನೂ ತಣ್ಣಗಾಗಿ, 2.17 ಕೆಲ್ವಿನ್ ದಾಟಿದೊಡನೆ ಗುಳ್ಳೆಗಳೇಳುವುದು ಥಟ್ಟನೆ ನಿಂತು ಸೂಪರ್‌ಫ್ಲೂಯಿಡ್, ಅಂದರೆ ಒಳಘರ್ಷಣೆಯಿಲ್ಲದೆ ಹರಿಯುವ ದ್ರವ, ಆಗುತ್ತದೆ. ಇಂಥ ದ್ರವವನ್ನು ಕಲಕಿದರೆ ತಿರುಗಾಟವೆಲ್ಲ ತೆಳುವಾದ ಸುಳಿಗೆರೆಗಳಲ್ಲಿ ಕೂಡಿಕೊಳ್ಳುತ್ತದೆ. ಎಲ್ಲ ಸುಳಿಗಳ ತಿರುಗಾಟದ ಪ್ರಮಾಣವೂ ಒಂದೇ: ಕ್ವಾಂಟಂ ಭೌತವಿಜ್ಞಾನದ ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕವನ್ನು ಹೀಲಿಯಂ ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದಷ್ಟು. ಸುಳಿಯ ನಟ್ಟನಡುವಿನ ತಿರುಳಿನ ಅಗಲ ಸುಮಾರು ಒಂದು ಆಂಗ್‌ಸ್ಟ್ರಮ್, ಅಂದರೆ ನ್ಯಾನೋಮೀಟರಿನ ಹತ್ತರಲ್ಲೊಂದು ಭಾಗ. ತಿರುಳಿಗೆ ಹತ್ತಿರವಾದಷ್ಟೂ ವೇಗ ಹೆಚ್ಚು, ಒತ್ತಡ ಕಡಿಮೆ. ಆದ್ದರಿಂದ ಅಕ್ಕಪಕ್ಕದ ಕಣಗಳು ಅದರೊಳಕ್ಕೆ ಸೆಳೆಯಲ್ಪಡುತ್ತವೆ. 2006ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಹೆಪ್ಪುಗಟ್ಟಿದ ಹೈಡ್ರೋಜನ್ ಕಣಗಳನ್ನು ಬಿಟ್ಟು ಈ ಸುಳಿಗಳನ್ನು ಕಣ್ಣಿಗೆ ಕಾಣಿಸಿತು. ತಂಡದಲ್ಲಿದ್ದ ಕೆ.ಆರ್. ಶ್ರೀನಿವಾಸನ್ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿಎಚ್.ಡಿ. ಮಾಡಿದವರು.

ಹೈಡ್ರೋಜನ್ ಬದಲು ಲೋಹವಾದರೆ? ರಷ್ಯಾದ ಚೆರ್ನೊಗೊಲೊವ್ಕಾದಲ್ಲಿ ಗೋರ್ಡನ್ ಮತ್ತು ಸಂಗಡಿಗರು ಹೀಲಿಯಂನಲ್ಲಿ ಮುಳುಗಿಸಿದ ಲೋಹದ ಚೂರಿಗೆ ಲೇಸರ್ ಮಿಡಿತ ಹಾಯಿಸಿದರು. ಸಿಡಿದ ಪರಮಾಣುಗಳು ಗುಂಪುಗೂಡಿ ಸುಳಿಯಲ್ಲಿ ಸಾಲುಗಟ್ಟುತ್ತವೆ. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿದ ಹಾಗೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಇಲ್ಲಿ ಮಾತ್ರ ಮೊಗ್ಗುಗಳು ಒಂದರೊಳಗೊಂದು ಕರಗಿಬಿಡುತ್ತವೆ.

ಕರಗುವುದೆಂದರೆ ಅಕ್ಷರಶಃ ಕರಗುವುದು. ಎರಡು ಕಣಗಳು ಕೂಡಿದಾಗ ಒಟ್ಟು ಮೇಲ್ಮೈ ಕಡಿಮೆಯಾಗಿ, ಮಿಕ್ಕ ಮೇಲ್ಮೈ ಶಕ್ತಿ ಶಾಖವಾಗುತ್ತದೆ. ಸೂಪರ್‌ಫ್ಲೂಯಿಡ್ ಹೀಲಿಯಂ ಶಾಖ ಸಾಗಿಸುವುದರಲ್ಲಿ ಎತ್ತಿದ ಕೈ, ನಿಜ. ಆದರೆ ಕಾದ ಕಣ ತನ್ನ ಸುತ್ತ ಹೀಲಿಯಂ ಅನಿಲದ ಪೊರೆಯೊಂದನ್ನು ಮಾಡಿಕೊಳ್ಳುತ್ತದೆ. ಶಾಖ ಅದನ್ನು ದಾಟಿ ಹೋಗುವುದು ನಿಧಾನ. ಹಾಗಾಗಿ 2 ಕೆಲ್ವಿನ್‌ಗಿಂತ ತಣ್ಣಗಿನ ದ್ರವದ ನಡುವೆ, 1,768 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಪ್ಲಾಟಿನಂ ಕೂಡ ಕ್ಷಣಕಾಲ ಹನಿಯಾಗುತ್ತದೆ.

ಈಗ ಲೆಕ್ಕ ನೋಡಿ. ಹೊರಬೀಳುವ ಶಾಖ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಕಾಯಿಸಬೇಕಾದ ಲೋಹದ ಮೊತ್ತ ಘನಕ್ಕೆ ತಕ್ಕಂತೆ. ಕಣ ದೊಡ್ಡದಾದಷ್ಟೂ ಬಿಸಿ ಸಾಲದೆ ಹೋಗುತ್ತದೆ. ಒಂದು ಗಾತ್ರದ ನಂತರ ಕಣಗಳು ಕರಗಿ ಗುಂಡಾಗಲಾರವು, ತುದಿಗೆ ತುದಿ ಬೆಸೆದುಕೊಳ್ಳುತ್ತವೆ ಅಷ್ಟೆ. ತಂತಿಯ ದಪ್ಪ ಆ ಗಾತ್ರಕ್ಕೆ ನಿಲ್ಲುತ್ತದೆ. ಚಿನ್ನಕ್ಕೆ ಸುಮಾರು 4.5 ನ್ಯಾನೋಮೀಟರ್, ಪ್ಲಾಟಿನಂಗೆ ಸುಮಾರು 3, ಅಂದರೆ ಅಡ್ಡಕ್ಕೆ ಹತ್ತು ಹನ್ನೆರಡು ಪರಮಾಣುಗಳು. ಲೋಹದ ಶಾಖಗುಣಗಳು ಗೊತ್ತಿದ್ದರೆ ದಪ್ಪವನ್ನು ಮೊದಲೇ ಅಂದಾಜು ಮಾಡಬಹುದು ಎಂಬುದು ಸಣ್ಣ ಸಂಗತಿಯಲ್ಲ. ಹಾಗೆಂದು ಇವು ಗಟ್ಟಿಮುಟ್ಟಾದ ತಂತಿಗಳೆಂದು ತಿಳಿಯಬೇಡಿ: ಬೆಳ್ಳಿಯವು ಕೋಣೆಯ ಉಷ್ಣತೆಗೆ ಬಂದರೆ ಸಾಕು, ತುಂಡಾಗಿ ಮಣಿಗಳಾಗುತ್ತವೆ.

ಇನ್ನು ನಿಮ್ಮ ಪ್ರಾಜೆಕ್ಟ್. ಮಂಗಳೂರು, ಮಣಿಪಾಲಗಳಲ್ಲಿ ದ್ರವ ಹೀಲಿಯಂ ಇಲ್ಲವೆಂದಲ್ಲ. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳಲ್ಲಿದೆ. ಅದು 4.2 ಕೆಲ್ವಿನ್‌ನದು, ಸೂಪರ್‌ಫ್ಲೂಯಿಡ್ ಅಲ್ಲ, ನಿಮಗೆ ಯಾರೂ ಕೊಡುವುದೂ ಇಲ್ಲ. ಈ ಅನಿಲವನ್ನು ದೇಶವೇ ಬಹುಪಾಲು ಹೊರಗಿನಿಂದ ತರಿಸಿಕೊಳ್ಳುತ್ತದೆ. ಹೀಲಿಯಂನ ಕೆಲಸವೇ ಬೇಕೆಂದಾದರೆ ಐಐಎಸ್‌ಸಿ ಅಥವಾ ಮುಂಬಯಿಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಕಡೆ ನೋಡಿ.

ಇಲ್ಲೇ ಮಾಡಬೇಕೆಂದಿದ್ದರೆ ಚಿನ್ನದ ತಗಡನ್ನು ನೀರಿನಲ್ಲಿ ಮುಳುಗಿಸಿ ಲೇಸರ್ ಮಿಡಿತ ಹಾಯಿಸುವ ಪ್ರಯೋಗ ಆರಿಸಿಕೊಳ್ಳಿ. ಮಿಡಿತದ ಲೇಸರ್‌ಗಾಗಿ ಕೊಣಾಜೆ, ಸುರತ್ಕಲ್, ಮಣಿಪಾಲಗಳ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಚಾರಿಸಿ. ನೀರು ಕೆಂಪಾಗುತ್ತದೆ, 520 ನ್ಯಾನೋಮೀಟರ್ ತರಂಗದೂರದ ಆಸುಪಾಸಿನಲ್ಲಿ ಬೆಳಕಿನ ಹೀರಿಕೆಯ ಶಿಖರ ಸಿಗುತ್ತದೆ. ಅದು ಗುಂಡಗಿನ ಕಣಗಳ ಗುರುತು. ತಂತಿ ಯಾಕೆ ಆಗಲಿಲ್ಲ ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ನೀರಿನ ಸುಳಿ ಸ್ನಿಗ್ಧತೆಯಿಂದಾಗಿ (ದ್ರವದ ಒಳಘರ್ಷಣೆಯಿಂದಾಗಿ) ಹರಡಿ ಅಳಿಯುತ್ತದೆ, ಕಣಗಳನ್ನು ಒಂದೇ ಗೆರೆಯಲ್ಲಿ ಹಿಡಿದಿಡುವ ತೆಳುವಾದ ತಿರುಳು ಅದಕ್ಕಿಲ್ಲ ಎಂದು ಉತ್ತರಿಸಿ.