ಕಥೆ ಸಪ್ಪೆ, ಹಾಡು ಮುತ್ತು

ಪ್ರಶ್ನೆ: ಸರ್, ಮೊನ್ನೆ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡಿದ್ದೆ, ಇಬ್ರು ಗಂಡಸ್ರು ಜೊತೇಲಿ ಹಾಡೋ ಫ್ರೆಂಚ್ ಹಾಡೊಂದು ಬಂತು. ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ನಾಲ್ಕು ಸಲ ಕೇಳ್ದೆ. ಹೆಸರು 'ಪರ್ಲ್ ಫಿಶರ್ಸ್' ಅಂತಿತ್ತು. ಇಷ್ಟು ಚೆನ್ನಾಗಿರೋ ಒಪೆರಾದ ಹೆಸರೇ ಕೇಳಿರ್ಲಿಲ್ವಲ್ಲ, ಯಾಕೆ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಾಲ್ಕೇ ಸಲನಾ! ಅದು ಜಾರ್ಜ್ ಬಿಜೆ ಅನ್ನೋ ಫ್ರೆಂಚ್ ಸಂಗೀತಗಾರ ಬರೆದ ಒಪೆರಾ, ಅಂದ್ರೆ ಹಾಡಲ್ಲೇ ನಡೆಯೋ ನಾಟಕ. 1863ರ ಸೆಪ್ಟೆಂಬರ್ 30ಕ್ಕೆ ಪ್ಯಾರಿಸ್ಸಲ್ಲಿ ಮೊದಲ ಶೋ, ಹುಡುಗನಿಗೆ ಇನ್ನೂ 25 ತುಂಬಿರ್ಲಿಲ್ಲ. ಪೇಪರ್‌ನೋರು ಬಹಳಷ್ಟು ಜನ ಮೂಗು ಮುರಿದ್ರು, ಹೆಸರಾಂತ ಸಂಗೀತಗಾರ ಬೆರ್ಲಿಯೋಜ್ ಥರದವ್ರು ಮೆಚ್ಚಿ ಬರೆದ್ರೂ 18 ಶೋಗೆ ನಿಂತೋಯ್ತು. 1875ರಲ್ಲಿ ಬಿಜೆ ತೀರ್ಕೊಂಡ, ಅಲ್ಲೀವರೆಗೂ ಇದನ್ನ ಮತ್ತೆ ಯಾರೂ ಆಡಿಸ್ಲೇ ಇಲ್ಲ, ಆಮೇಲೆ ಅವನ ಇನ್ನೊಂದು ಒಪೆರಾ 'ಕಾರ್ಮೆನ್' ಗೆದ್ದ ಮೇಲೇ ಇದನ್ನೂ ಹುಡುಕಿ ತೆಗೆದಿದ್ದು.

ಕಥೆ ಸಪ್ಪೆ, ಅದೇ ತೊಂದರೆ. ಮೊದ್ಲು ಮೆಕ್ಸಿಕೋದಲ್ಲಿ ನಡೆಯೋ ಕಥೆ ಅಂತಿದ್ರಂತೆ, ಆಮೇಲೆ ಸಿಲೋನ್ ಮಾಡಿದ್ರು. ಅಲ್ಲಿ ಮುತ್ತು ತೆಗೆಯೋ ಜನ ಬ್ರಹ್ಮನಿಗೆ ಪ್ರಾರ್ಥನೆ ಮಾಡ್ತಾರೆ (ನಮ್ಮಲ್ಲೇ ಬ್ರಹ್ಮನ ಗುಡಿ ಹುಡುಕೋದು ಕಷ್ಟ!), ಹೀರೋ ಹೀರೋಯಿನ್ ಹೆಸ್ರು ನಾದಿರ್, ಲೈಲಾ.

ಆದ್ರೆ ಆ ಹಾಡು! ನಾದಿರ್, ಜುರ್ಗಾ ಹಳೇ ಗೆಳೆಯರು, ಹಿಂದೆ ಒಂದು ಗುಡೀಲಿ ಮುಸುಕು ಹಾಕಿದ್ದ ಒಬ್ಬಳೇ ಹುಡುಗಿಗೆ ಇಬ್ರೂ ಮನಸೋತಿದ್ರು, ಗೆಳೆತನ ಕೆಡಬಾರ್ದು ಅಂತ ಇಬ್ರೂ ಅವಳನ್ನ ಬಿಟ್ಟಿದ್ರು, ಅದನ್ನೇ ನೆನೆಸ್ಕೊಂಡು ಹಾಡ್ತಾರೆ. ಕೊಳಲು, ಹಾರ್ಪ್ ಮೆಲ್ಲಗೆ ಶುರು ಮಾಡುತ್ತೆ, ಆಮೇಲೆ ಎರಡು ಗಂಟಲೂ ಒಂದನ್ನೊಂದು ಬಿಡದೆ ಒಟ್ಟಿಗೆ ಏರುತ್ತೆ. ಮಜಾ ಏನಂದ್ರೆ, ನೀವು ಕೇಳಿದ ರೆಕಾರ್ಡಿಂಗ್‌ನಲ್ಲಿ ಕೊನೇಗೆ ಅದೇ ರಾಗ ಮತ್ತೆ ಬಂದಿದ್ರೆ ಅದು ಬಿಜೆ ಬರೆದಿದ್ದಲ್ಲ, ಅವನು ಅಲ್ಲಿ ಬೇರೆ ರಾಗ ಇಟ್ಟಿದ್ದ, ಅವನು ಸತ್ತ ಮೇಲೆ ಯಾರೋ ತಿದ್ದಿದ್ರು. ಮೂಲದ ಪ್ರಕಾರವೇ ಹಾಡ್ಬೇಕು ಅನ್ನೋರು ಬೈಕೊಳ್ಳಲಿ, ನಂಗೆ ತಿದ್ದಿರೋದೇ ಇಷ್ಟ.

ಯುಸ್ಸಿ ಬ್ಯೋರ್ಲಿಂಗ್, ರಾಬರ್ಟ್ ಮೆರಿಲ್ ಜೋಡಿ ಹಾಡಿರೋದು ಹುಡುಕಿ. ಆಮೇಲೆ ನಾದಿರ್ ಒಬ್ಬನೇ ರಾತ್ರಿ ಹಾಡೋ 'ಜ ಕ್ರ್ವಾ ಆಂತಾಂದ್ರ್ ಆಂಕೋರ್' ಕೇಳಿ, ದೋಣಿ ತೂಗಿದ ಹಾಗಿರುತ್ತೆ. ಅದನ್ನ ಮಾತ್ರ ಬಸ್ಸಲ್ಲಿ ಕೇಳ್ಬೇಡಿ, ಮೇಲಿನ ಸ್ವರಗಳನ್ನ ಎಷ್ಟು ಮೆಲ್ಲಗೆ ಹಾಡ್ತಾರೆ ಅಂದ್ರೆ ಇಂಜಿನ್ ಸದ್ದಲ್ಲಿ ಕೇಳಿಸೋದೇ ಇಲ್ಲ.