ನನಗೆ ಇಷ್ಟವಾದದ್ದನ್ನು ಇಂಗ್ಲಿಷಿನಲ್ಲಿ ಸಹಜವಾಗಿ ಹೇಳುವುದು ಹೇಗೆ?

ಹವ್ಯಾಸದ ಬಗ್ಗೆ ಮಾತನಾಡುವಾಗ ‘ಐ ಆಮ್ ಇಂಟು ರೀಡಿಂಗ್’ ಅಥವಾ ಬ್ರಿಟಿಷ್ ರೂಢಿಯಂತೆ ‘ಐ ಆಮ್ ಕೀನ್ ಆನ್ ರೀಡಿಂಗ್’ ಎನ್ನಬಹುದು; ‘ಇಂಟು’ ಆಡುಮಾತಿನ ಪ್ರಯೋಗವಾದ್ದರಿಂದ ಔಪಚಾರಿಕ ಪತ್ರದಲ್ಲಿ ‘ಐ ಎಂಜಾಯ್ ರೀಡಿಂಗ್’ ಎಂದು ಬರೆಯುವುದೇ ಮೇಲು.

ಈ ಮೂರರಲ್ಲೂ ಕ್ರಿಯಾಪದವು ‘ಇಂಗ್’ ರೂಪದಲ್ಲೇ ಬರಬೇಕು, ಏಕೆಂದರೆ ನಾವು ‘ಓದು’ ಎಂಬ ಕ್ರಿಯೆಯನ್ನು ‘ಓದುವುದು’ ಎಂದು ನಾಮಪದದಂತೆ ಮಾಡಿಕೊಂಡು ‘ಓದುವುದು ನನಗೆ ಇಷ್ಟ’ ಎನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಇಂಗ್’ ಮಾಡುತ್ತದೆ. ಹಾಗಾಗಿ ‘ಎಂಜಾಯ್ ಟು ರೀಡ್’ ತಪ್ಪು.

ನಮ್ಮಲ್ಲಿ ಆಗಾಗ ಕೇಳಿಬರುವ ‘ಐ ಆಮ್ ಲೈಕಿಂಗ್ ಮ್ಯೂಸಿಕ್’ ಕೂಡ ಸಹಜವಲ್ಲ. ‘ಲೈಕ್’ ಇಲ್ಲಿ ಸೂಚಿಸುವುದು ಈಗ ನಡೆಯುತ್ತಿರುವ ಕೆಲಸವನ್ನಲ್ಲ, ಮನಸ್ಸಿನಲ್ಲಿ ನೆಲೆಯೂರಿದ ಒಲವನ್ನು. ಆ ಒಲವು ಗಾಢವಾಗಿದ್ದರೆ ‘ಐ ಲವ್ ಮ್ಯೂಸಿಕ್’ ಎಂದು ನಿಸ್ಸಂಕೋಚವಾಗಿ ಹೇಳಿ.