ಕಲ್ಲೆಸೆಯಬೇಡಿ, ಕಾದು ನೋಡಿ

ಪ್ರಶ್ನೆ: ದಸರಾ ರಜೆಗೆ ಮಹಾಬಲಿಪುರಕ್ಕೆ ಹೊರಟಿದ್ದೇವೆ. ದಾರಿಯಲ್ಲೇ ಸಿಗುವ ಮದ್ರಾಸ್ ಮೊಸಳೆ ಬ್ಯಾಂಕ್ ನೋಡಬೇಕೆಂದು ಹತ್ತು ವರ್ಷದ ಮಗ ಹಠ ಹಿಡಿದಿದ್ದಾನೆ. ಆರು ವರ್ಷದ ಮಗಳಿಗೆ ಹಾವಿನ ಚಿತ್ರ ಕಂಡರೂ ಭಯ. ಅಲ್ಲಿ ಹಾವಿನ ವಿಷ ತೆಗೆದು ತೋರಿಸುತ್ತಾರಂತೆ. ನಾಗಪ್ಪನಿಗೆ ಹಿಂಸೆ ಕೊಡುವುದನ್ನು ಕಣ್ಣಿಂದ ನೋಡಬಾರದು ಎನ್ನುತ್ತಾರೆ ನಮ್ಮ ಅತ್ತೆ. ಹೋಗಿ ಬಂದ ನೆಂಟರೋ, ‘ಮೊಸಳೆಗಳು ಅಲುಗಾಡುವುದೇ ಇಲ್ಲ, ದುಡ್ಡು ದಂಡ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಹೋಗಿ ಬನ್ನಿ. ಸೋಮವಾರ ಮಾತ್ರ ಬೇಡ, ಅಂದು ಬಾಗಿಲು ಹಾಕಿರುತ್ತದೆ. ಬಿಸಿಲೇರುವ ಮುಂಚೆ ಒಳಗಿರಿ, ಮೂರು ಗಂಟೆಯಾದರೂ ಕೈಯಲ್ಲಿ ಇಟ್ಟುಕೊಳ್ಳಿ.

ನಿಮ್ಮ ನೆಂಟರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ನನಗೆ ನೋವಿನ ವಿಷಯ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳು ನಾನು. ಮೊದಲ ಸಲ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, ಪಕ್ಕದಲ್ಲಿ ನಿಂತಿದ್ದ ಗೃಹಸ್ಥರೊಬ್ಬರು ‘ಇದು ಗೊಂಬೆಯೋ ಏನೋ’ ಎನ್ನುತ್ತಾ ಕಲ್ಲೊಂದನ್ನು ಎತ್ತಿ ಎಸೆದೇಬಿಟ್ಟರು. ಕಲ್ಲು ಮೊಸಳೆಯ ಕಣ್ಣಿನ ಪಕ್ಕಕ್ಕೆ ಬಿತ್ತು. ಅದು ಆಗಲೂ ಅಲುಗಲಿಲ್ಲ. ನಮ್ಮ ಹುಡುಗಿಯೊಬ್ಬಳು ಅತ್ತುಬಿಟ್ಟಳು.

ಮೊಸಳೆ ತಣ್ಣನೆ ರಕ್ತದ ಪ್ರಾಣಿ. ನಮ್ಮ ಹಾಗೆ ಒಳಗೇ ಶಾಖ ಹುಟ್ಟಿಸಿಕೊಳ್ಳಲಾರದು, ಬಿಸಿಲಿನಿಂದ ಪಡೆಯಬೇಕು. ಮೈ ಕಾದು ಹೆಚ್ಚಾದಾಗ ಬಾಯಿ ತೆರೆದುಕೊಂಡು ತಂಪಾಗುತ್ತದೆ. ಆ ತೆರೆದ ಬಾಯಿ ಬೆದರಿಕೆಯಲ್ಲ ಎಂದು ಮಗನಿಗೆ ಮೊದಲೇ ಹೇಳಿಡಿ. ಆಮೇಲೆ ಒಂದೇ ಮೊಸಳೆಯ ಎದುರು ಅರ್ಧ ಗಂಟೆ ನಿಲ್ಲಿಸಿ. ಎರಡನೆಯ ಸಲ ಹೋದಾಗ ನಾನು ಹಾಗೆ ನಿಂತಿದ್ದೆ. ಮೊದಲು ಕಣ್ಣಿನ ಮೇಲೆ ತೆಳ್ಳನೆಯ ಪರದೆಯೊಂದು ಅಡ್ಡಡ್ಡಲಾಗಿ ಸರಿಯಿತು. ಅದು ಮೂರನೆಯ ರೆಪ್ಪೆ. ಬಳಿಕ ಮೂಗಿನ ಹೊಳ್ಳೆಗಳು ಮುಚ್ಚಿಕೊಂಡವು. ಅಷ್ಟು ದೊಡ್ಡ ಮೈ, ಎಣ್ಣೆಯಲ್ಲಿ ಜಾರಿದಂತೆ, ಸದ್ದಿಲ್ಲದೆ ನೀರಿಗಿಳಿಯಿತು. ಬೆನ್ನಿನ ಗಂಟುಗಳೂ ಮುಳುಗಿದ ಮೇಲೆ ಅಲ್ಲೊಂದು ಪ್ರಾಣಿ ಇತ್ತೆಂದು ನಂಬುವುದೇ ಕಷ್ಟವಾಯಿತು. ನದಿಯಂಚಿನಲ್ಲಿ ಬಟ್ಟೆ ಒಗೆಯುವವರಿಗೆ ಮೊಸಳೆ ಕಾಣುವುದೇ ಇಲ್ಲ ಏಕೆ ಎಂಬುದು ನನಗೆ ಅಂದು ಅರ್ಥವಾಯಿತು.

‘ಬ್ಯಾಂಕ್’ ಎಂಬ ಹೆಸರಿಗೂ ಕಾರಣವಿದೆ. ಚರ್ಮಕ್ಕಾಗಿ ಕೊಂದು ಕೊಂದು ನಮ್ಮ ದೇಶದ ಮೂರೂ ಬಗೆಯ ಮೊಸಳೆಗಳು – ಸಿಹಿನೀರಿನ ಮಗ್ಗರ್, ಉಪ್ಪುನೀರಿನ ಮೊಸಳೆ, ಉದ್ದ ಮೂತಿಯ ಘರಿಯಲ್ – ತೀರಾ ಕಡಿಮೆಯಾಗಿದ್ದ ಕಾಲದಲ್ಲಿ, 1976ರಲ್ಲಿ, ರೋಮುಲಸ್ ವಿಟೇಕರ್ ಮತ್ತು ಜಾಯ್ ವಿಟೇಕರ್ ಇದನ್ನು ಆರಂಭಿಸಿದರು. ಇಲ್ಲಿ ಮರಿ ಮಾಡಿಸಿ ಸಂತತಿ ಉಳಿಸಿಕೊಳ್ಳುವುದು, ನೆಲೆ ಸಿಕ್ಕಾಗ ಕಾಡಿನ ನೀರಿಗೆ ಮರಳಿಸುವುದು ಅವರ ಉದ್ದೇಶ. ಗಂಡು ಘರಿಯಲ್‌ನ ಮೂತಿಯ ತುದಿಯಲ್ಲಿ ಪುಟ್ಟ ಗಡಿಗೆಯಂಥ ಉಬ್ಬು ಇರುತ್ತದೆ. ಹಿಂದಿಯ ‘ಘಡಾ’ದಿಂದಲೇ ಆ ಹೆಸರು. ಮೊಸಳೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆ ಹುದುಗಿದ ಗೂಡಿನ ಬಿಸಿ ನಿರ್ಧರಿಸುತ್ತದೆ ಎಂದರೆ ನಿಮ್ಮ ಮಗ ನೂರು ಪ್ರಶ್ನೆ ಕೇಳುತ್ತಾನೆ. ಕೇಳಲಿ.

ಈಗ ಅತ್ತೆಯವರ ಮಾತು. ಅವರನ್ನೂ ದಯವಿಟ್ಟು ಕರೆದುಕೊಂಡು ಹೋಗಿ. ಅಲ್ಲಿ ಹಾವು ಹಿಡಿಯುವವರು ಇರುಳರೆಂಬ ಬುಡಕಟ್ಟಿನವರು. ಅವರ ಹಿರಿಯರು ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ನಂತರ ಆ ವ್ಯಾಪಾರ ನಿಂತು, ಹೊಟ್ಟೆಪಾಡಿಗೆ ದಾರಿಯಿಲ್ಲದಾಯಿತು. 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಹಿಡಿದ ಹಾವನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಕೆಲವು ವಾರ ಇಟ್ಟುಕೊಂಡು, ನಾಲ್ಕಾರು ಸಲ ವಿಷ ತೆಗೆದು, ಅದೇ ಹಾವು ಮತ್ತೆ ಸಿಕ್ಕರೆ ತಿಳಿಯಲೆಂದು ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಬಿಟ್ಟುಬಿಡುತ್ತಾರೆ. ನಾನು ನೋಡಿದ ದಿನ ಕೊಳಕುಮಂಡಲದ ಸರದಿ. ಗಾಜಿನ ಪಾತ್ರೆಯ ಬಾಯಿಗೆ ಬಿಗಿದ ಪೊರೆಯನ್ನು ಅದು ಕಚ್ಚಿತು. ಒಳಗೋಡೆಯಲ್ಲಿ ಹಳದಿ ಹನಿಯೊಂದು ಮೆಲ್ಲಗೆ ಇಳಿಯಿತು.

ಹಾವಿಗೆ ತೊಂದರೆ ಆಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ಹನಿ ಎಲ್ಲಿಗೆ ಹೋಗುತ್ತದೆಂದು ಅತ್ತೆಯವರಿಗೆ ಹೇಳಿ. ಒಣಗಿಸಿ ಪುಡಿ ಮಾಡಿದ ವಿಷವನ್ನು ಅತಿ ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧದಿಂದ ಆಸ್ಪತ್ರೆಯ ಪ್ರತಿವಿಷ ತಯಾರಾಗುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ – ಈ ನಾಲ್ಕರ ಕಡಿತಕ್ಕೂ ಮದ್ದು ಅದೊಂದೇ. 2023ರಲ್ಲಿ ಇರುಳರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯನ್ ಅವರಿಗೆ ಪದ್ಮಶ್ರೀ ಬಂದಾಗ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ.

ಅದಕ್ಕೂ ಕಾರಣವಿದೆ. ನನ್ನ ತರಗತಿಯ ಹುಡುಗನೊಬ್ಬ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದ. ಕಟ್ಟುಹಾವಿನ ಕಡಿತಕ್ಕೆ ಉರಿಯಿಲ್ಲ, ಊತವಿಲ್ಲ, ಗಾಯವೂ ಕಾಣದು. ಅಜೀರ್ಣವೆಂದು ಓಮದ ನೀರು ಕುಡಿಸಿದರು. ರೆಪ್ಪೆ ಜೋತುಬಿದ್ದಾಗ ಮಂತ್ರ ಹಾಕಿಸಿದರು. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರು ನಿಂತಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಗೆರೆ ಎಳೆದದ್ದು ನಾನೇ.

ಮಗಳನ್ನು ಬಲವಂತವಾಗಿ ಗಾಜಿನ ಹತ್ತಿರ ಎತ್ತಿ ಹಿಡಿಯಬೇಡಿ. ಅವಳು ಆಮೆಗಳನ್ನು ನೋಡಲಿ. ವಿಷ ತೆಗೆಯುವುದಕ್ಕೆ ಬೇರೆ ಟಿಕೆಟ್ ಇರುತ್ತದೆ. ಅಣ್ಣ, ಅಜ್ಜಿ ಒಳಗೆ ಹೋದಾಗ ನೀವು ಅವಳ ಜೊತೆ ಹೊರಗೆ ಕೂರಬಹುದು.

ಪ್ರಶ್ನೆ: ಚೆನ್ನೈವರೆಗೆ ಹೋಗಲಾಗದ ನಮ್ಮಂಥವರು ಆಗುಂಬೆಗೆ ಹೋದರೆ ಕಾಳಿಂಗ ಸರ್ಪ ನೋಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅದೇ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅದು ಅಧ್ಯಯನದ ಜಾಗ, ಹಾವು ತೋರಿಸುವ ಸ್ಥಳವಲ್ಲ. ತರಗೆಲೆ ಒಟ್ಟಿ ಗೂಡು ಕಟ್ಟುವ ಆ ಸರ್ಪವನ್ನು ಹುಡುಕಿಕೊಂಡು ಕಾಡಿಗೆ ನುಗ್ಗಬೇಡಿ. ಮೇಲೆ ಹೇಳಿದ ಪ್ರತಿವಿಷ ಅದರ ಕಡಿತಕ್ಕೆಂದು ತಯಾರಿಸಿದ್ದಲ್ಲ. ಮೊಸಳೆ ನೋಡುವ ಆಸೆಯಿದ್ದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಿ. ಅಲ್ಲಿ ದೋಣಿಯಲ್ಲಿ ಕುಳಿತೇ ಬಂಡೆಯ ಮೇಲೆ ಮಲಗಿದ ಮಗ್ಗರ್ ನೋಡಬಹುದು. ಕೈ ಮಾತ್ರ ದೋಣಿಯ ಒಳಗಿರಲಿ.